ಹೊಸತೊಡಕಿನ ಮೂಳೆ

ಹೊಸತೊಡಕಿನ ಊಟದಲ್ಲಿ ರಮಾನಂದ ನಲ್ಲಿ ಮೂಳೆ ಬಿಟ್ಟ.

ಬಿಟ್ಟರೆ ಏನಾಯಿತು ಎಂದು ಬೇರೆ ಯಾರಾದರೂ ಕೇಳಬಹುದು. ಅವನ ಹೆಂಡತಿ ಕಾಂಚನಾಳ ಎದುರು ಹಾಗೆ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮಳವಳ್ಳಿ, ಮದ್ದೂರಿನ ಕಡೆ ಯುಗಾದಿಯ ಮಾರನೆಯ ದಿನ ಮನೆಮನೆಯಲ್ಲೂ ಮಾಂಸದ ಸಾರು ಕುದಿಯಲೇಬೇಕು. ಸ್ವೀಡನ್ನಿನ ಎಸ್ಕಿಲ್‌ಸ್ಟುನಾದಲ್ಲಿ ಯುಗಾದಿಗೆ ಯಾರು ರಜೆ ಕೊಡುತ್ತಾರೆ? ಅದಕ್ಕೇ ಹಬ್ಬ ಯಾವ ವಾರ ಬಂದರೂ ಹೊಸತೊಡಕನ್ನು ಅವಳು ಶನಿವಾರಕ್ಕೆ ತಳ್ಳುತ್ತಿದ್ದಳು. ಹಿಂದಿನ ದಿನವೇ ಇರಾಕಿನವನ ಅಂಗಡಿಗೆ ಹೋಗಿ, ಮೂಳೆ ಹೀಗೆ ಕಡಿ, ಹಾಗಲ್ಲ ಹೀಗೆ ಎಂದು ಅವನೊಡನೆ ಜಗಳವಾಡಿ ತಂದ ಕುರಿ ಮಾಂಸ. ಮಸಾಲೆ ಹುರಿದ ಹೊಗೆಗೆ ಮನೆಯ ಅಲಾರಾಂ ಬೇರೆ ಬಾಯಿ ಬಡಿದುಕೊಂಡಿತ್ತು. ಇಷ್ಟೆಲ್ಲ ಆದ ಮೇಲೆ ಗಂಡನೆಂಬುವನು ಮೂಳೆಯನ್ನು ತಟ್ಟೆಯ ಅಂಚಿಗೆ ಸರಿಸಿ, ಬರೀ ಮುದ್ದೆಯನ್ನು ಸಾರಿನಲ್ಲಿ ಅದ್ದಿ ಗುಳುಂ ಗುಳುಂ ನುಂಗುತ್ತ ಕೂತಿದ್ದಾನೆ.

"ಏನ್ರೀ, ಮೂಳೆ ಬಿಟ್ರಿ? ಉಪ್ಪು ಜಾಸ್ತಿ ಆಯ್ತಾ?"

"ಇಲ್ಲ ಕಣೇ. ಹೊಟ್ಟೆ ತುಂಬ್ತು."

"ಈಗ ತಾನೇ ಇನ್ನೊಂದು ಮುದ್ದೆ ಇಕ್ಕಿಸ್ಕೊಂಡ್ರಿ. ಮುದ್ದೆಗೆ ಜಾಗ ಐತೆ, ಮಾಂಸಕ್ಕಿಲ್ವಾ?"

ಊಟಕ್ಕೆ ಬಂದಿದ್ದ ಹೊನ್ನಪ್ಪ ನಕ್ಕ. ಕೋಲಾರದ ಕಡೆಯವನು. ಮಣ್ಣು ಅಗೆಯುವ ಯಂತ್ರಗಳನ್ನು ಮಾಡುವ ಕಾರ್ಖಾನೆಯಲ್ಲಿ ಅವನೂ ರಮಾನಂದನೂ ಒಂದೇ ಕೋಣೆಯಲ್ಲಿ ಕೂತು ಡಿಸೈನು ಮಾಡುವವರು. ಹೆಂಡತಿ ರಜನಿ ಊರಿಗೆ ಹೋಗಿದ್ದರಿಂದ ವಾರದಿಂದ ಬ್ರೆಡ್ಡು ತಿಂದು ಬದುಕಿದ್ದ.

"ಅತ್ತಿಗೆ, ಇಲ್ನೋಡಿ. ಅಣ್ಣನ ಎಡಗೆನ್ನೆಗೆ ಮಾತ್ರ ಪ್ರಮೋಷನ್ ಆಗಿದೆ. ಬಲಗೆನ್ನೆ ಇನ್ನೂ ಟ್ರೈನೀ."

ಕಾಂಚನಾ ಆಗ ಸರಿಯಾಗಿ ನೋಡಿದಳು. ಎಡ ದವಡೆಯ ಮೂಲೆ ದಪ್ಪಗಾಗಿತ್ತು. ದಿನವೂ ನೋಡುವ ಮುಖವನ್ನು ಯಾರೂ ಸರಿಯಾಗಿ ನೋಡುವುದಿಲ್ಲ.

"ಹಲ್ಲಾ? ಅದು ಡಿಸೆಂಬರಲ್ಲಿ ಊರಿಗೆ ಹೋದಾಗ್ಲೇ ಮುಗೀತಲ್ಲ, ರೂಟ್ ಕೆನಾಲು?"

"ಮುಗೀತು, ಮುಗೀತು. ಇದು ಥಂಡಿ ಗಾಳಿಗೆ." ರಮಾನಂದ ಅವಳ ಮುಖ ನೋಡದೆ ನೀರು ಕುಡಿದ. "ನೋವೂ ಇಲ್ಲ. ಮೊನ್ನೆವರೆಗೂ ಒಂಚೂರು ಇತ್ತು. ಈಗ ಪೂರ್ತಿ ಹೋಗೈತೆ."

ನೋವಿಲ್ಲ ಎಂಬ ಒಂದು ಮಾತು ಅವಳಿಗೆ ಸಾಕಾಯಿತು. ನೋವು ಹೋದರೆ ರೋಗ ಹೋಯಿತು ಎಂದು ನಂಬಿ ಬೆಳೆದವಳು. ಹಲ್ಲಿನೊಳಗಿನ ನರ ಸತ್ತರೂ ನೋವು ನಿಲ್ಲುತ್ತದೆ, ಕೀವು ಮಾತ್ರ ನಿಲ್ಲುವುದಿಲ್ಲ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಹೊನ್ನಪ್ಪ ಕಾರಿನಿಂದ ಒಂದು ಜಿಪ್ಪಿನ ಚೀಲ ತಂದ. ಅದರ ತುಂಬ ಊರಿನ ಮಾತ್ರೆಗಳು. ಇಲ್ಲಿಯ ಡಾಕ್ಟರುಗಳು ಆಂಟಿಬಯಾಟಿಕ್ ಕೊಡು ಎಂದರೆ ಮನೆಯನ್ನೇ ಬರೆದುಕೊಡು ಎಂದು ಕೇಳಿದ ಹಾಗೆ ಮುಖ ಮಾಡುತ್ತಾರೆ ಎಂದು ಎಲ್ಲ ಕನ್ನಡದವರೂ ಬರುವಾಗ ಒಂದಷ್ಟು ಕಟ್ಟಿಕೊಂಡು ಬರುತ್ತಾರೆ. ಹೊನ್ನಪ್ಪ ಅರ್ಧ ಖಾಲಿಯಾದ ಒಂದು ಹಾಳೆ ತೆಗೆದ.

"ಹೋದ್ವರ್ಷ ನನ್ ಗಂಟಲಿಗೆ ತಂದಿದ್ದು. ಮೂರು ತಗೊಂಡೆ, ವಾಸಿ ಆಯ್ತು, ಉಳಿದಿದ್ದು ಹಂಗೇ ಇದೆ. ಅಣ್ಣ, ಬೆಳಿಗ್ಗೆ ಒಂದು ಸಂಜೆ ಒಂದು ಹಾಕ್ಕೊಳ್ಳಿ."

ಕಾಂಚನಾ ತನ್ನ ಪಾಲಿನದನ್ನೂ ಮಾಡಿದಳು. ಬಾಣಲೆಯಲ್ಲಿ ಉಪ್ಪು ಹುರಿದು, ಬಟ್ಟೆಯಲ್ಲಿ ಕಟ್ಟಿ, ಊದಿದ ಜಾಗಕ್ಕೆ ಶಾಖ ಕೊಟ್ಟಳು. ಸಂಜೆ ಒಂದು ಸಲ, ಮಲಗುವ ಮುಂಚೆ ಇನ್ನೊಂದು ಸಲ. ಸುಡ್ತದೆ ಎಂದು ಅವನು ತಲೆ ಎಳೆದುಕೊಂಡಾಗ, "ಸುಮ್ನಿರಿ, ಮಗು ಥರ ಆಡ್ಬೇಡಿ" ಎಂದು ಒತ್ತಿ ಹಿಡಿದಳು.

ಭಾನುವಾರ ಬೆಳಿಗ್ಗೆ ಎದ್ದಾಗ ಅವನು ಹಾಸಿಗೆಯಲ್ಲಿರಲಿಲ್ಲ. ಹಾಲಿನ ಸೋಫಾದಲ್ಲಿ ನೆಟ್ಟಗೆ ಕೂತಿದ್ದ. ಹೆಗಲ ಮೇಲೆ ಟವೆಲು. ಕಿಟಕಿಯಾಚೆ ಕರಗಿ ಕೊಳಕಾದ ಹಿಮದ ರಾಶಿ, ಅದರ ಮೇಲೆ ಬಿಸಿಲು.

"ಯಾಕ್ರೀ ಕೂತಿದ್ದೀರಿ? ಮಲಗ್ಲಿಲ್ವಾ?"

"ಮಲಗಿದ್ರೆ ಕಟ್ತದೆ."

ಆ ಎರಡು ಮಾತು ಕೇಳಿ ಅವಳು ನಿಂತಲ್ಲೇ ನಿಂತಳು. ಮಾತಿನ ಅರ್ಥಕ್ಕಲ್ಲ, ದನಿಗೆ. ಬಿಸಿ ಮುದ್ದೆಯನ್ನು ಬಾಯಲ್ಲಿಟ್ಟುಕೊಂಡು, ನುಂಗಲೂ ಆಗದೆ ಉಗಿಯಲೂ ಆಗದೆ ಮಾತಾಡಿದ ಹಾಗಿತ್ತು. ಹತ್ತಿರ ಹೋದಳು. ಊತ ಕೆನ್ನೆಯಿಂದ ಇಳಿದು ಗಲ್ಲದ ಕೆಳಗೆ ಬಂದಿತ್ತು. ಅಲ್ಲಿಯ ಚರ್ಮ ಬಿಗಿದು ಮಿರಮಿರ ಹೊಳೆಯುತ್ತಿತ್ತು. ಹಣೆ ಮುಟ್ಟಿದರೆ ಕೆಂಡ.

"ಸಂಜೆಗೆ ಇಳೀತದೆ. ಮಾತ್ರೆ ತಗೊಂಡಿದ್ದೀನಲ್ಲ," ಎಂದ. ಅರ್ಧ ಮಾತು ಕೈಯಲ್ಲೇ ಆಡಿದ.

ಹೊನ್ನಪ್ಪನಿಗೆ ಫೋನು ಮಾಡಿದಳು. ಅವನೂ ಅದನ್ನೇ ಹೇಳಿದ. "ಡೋಸು ಹಿಡಿಯೋಕೆ ಟೈಮ್ ಬೇಕು ಅತ್ತಿಗೆ. ಖಾಲಿ ಹೊಟ್ಟೇಲಿ ಮಾತ್ರೆ ಬೇಡ, ಏನಾದ್ರೂ ತಿನ್ನಿಸಿ."

ತಿನ್ನಿಸುವುದೆಂದರೆ ಈ ಮನೆಯಲ್ಲಿ ಈಗ ಮುದ್ದೆಯೇ. ಜನವರಿಯಿಂದ ರಮಾನಂದ ದಿನವೂ ಮುದ್ದೆ ಕೇಳುತ್ತಿದ್ದ. ಊರಿಂದ ತಂದ ರಾಗಿಹಿಟ್ಟು ಮುಗಿದಾಗ ಸ್ಟಾಕ್‌ಹೋಮಿನ ಪಕ್ಕದ ಸುಂಡ್‌ಬೀಬರ್ಯ್‌ವರೆಗೂ ಹೋಗಿ ಅಲ್ಲಿಯ ತಮಿಳರ ಅಂಗಡಿಯಿಂದ ತಂದುಕೊಟ್ಟಿದ್ದ. ಕಾಂಚನಾಗೆ ಹೆಮ್ಮೆಯೋ ಹೆಮ್ಮೆ. ನಿಮ್ಮ ಮಗ ಈ ಚಳಿ ದೇಶದಲ್ಲೂ ಊರಿನ ಊಟ ಬಿಟ್ಟಿಲ್ಲ ಎಂದು ಅತ್ತೆಗೆ ಫೋನಿನಲ್ಲಿ ಕೊಚ್ಚಿಕೊಂಡಿದ್ದಳು.

ಮೆತ್ತಗೆ ತಿರುವಿ, ನಿನ್ನೆಯ ಸಾರು ಬಿಸಿ ಮಾಡಿ ತಟ್ಟೆ ತಂದು ಮುಂದಿಟ್ಟಳು. ಅವನು ಕಡಲೆಕಾಯಿಯಷ್ಟು ತುಣುಕು ಮುರಿದು ಸಾರಿನಲ್ಲಿ ಅದ್ದಿದ. ಬಾಯಿ ತೆರೆದ. ಅದು ತೆರೆಯುವುದೇ? ಹಲ್ಲಿನ ಸಾಲುಗಳ ನಡುವೆ ಒಂದು ಬೆರಳು ಹೋಗುವಷ್ಟೂ ಸಂದಿ ಇರಲಿಲ್ಲ. ತುಣುಕನ್ನು ಒಳಗೆ ತಳ್ಳಿಕೊಂಡ. ಗಂಟಲ ಮಣಿ ಅರ್ಧ ಮೇಲೇರಿತು. ಅಲ್ಲೇ ನಿಂತಿತು. ಕಣ್ಣಲ್ಲಿ ನೀರು ತುಂಬಿತು. ತಟ್ಟನೆ ಮುಂದಕ್ಕೆ ಬಾಗಿ ಮುದ್ದೆಯನ್ನು ಟವೆಲಿಗೆ ಬಿಟ್ಟ. ಅದರ ಹಿಂದೆಯೇ ಜೊಲ್ಲು ಎಳೆಯಾಗಿ ಇಳಿಯಿತು. ಟವೆಲು ಆಗಲೇ ತೊಯ್ದು ತೊಪ್ಪೆಯಾಗಿರುವುದನ್ನು ಕಾಂಚನಾ ಆಗ ನೋಡಿದಳು. ಅವನು ತನ್ನ ಉಗುಳನ್ನೇ ನುಂಗಲಾರದೆ ಕೂತಿದ್ದ.

ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಹಲ್ಲಿಗೆ ತಾಗಿಸದೆ ಜಾರಿಸಿಬಿಡುತ್ತಾರೆ. ಅದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆದರೂ ಮೂರು ತಿಂಗಳು ಅವಳಿಗೆ ಹೊಳೆಯಲಿಲ್ಲ. ಚಪಾತಿ ಬೇಡ, ರೊಟ್ಟಿ ಬೇಡ, ಕೋಡುಬಳೆ ಬೇಡ, ಮುದ್ದೆ ಇರಲಿ. ಅದು ಊರಿನ ನೆನಪಾಗಿರಲಿಲ್ಲ. ಅಗಿಯಲಾರದವನು ಹೆಂಡತಿಗೆ ಗೊತ್ತಾಗದ ಹಾಗೆ ಹೊಟ್ಟೆ ತುಂಬಿಸಿಕೊಳ್ಳುವ ಉಪಾಯವಾಗಿತ್ತು. ಈಗ ಆ ಮುದ್ದೆಯೂ ಇಳಿಯುತ್ತಿಲ್ಲ.

ಹೆದರಿಕೆಯಾದಾಗ ಅವಳಿಗೆ ಬರುವುದು ಅಳುವಲ್ಲ, ಸಿಟ್ಟು.

"ಏನ್ ಮುಚ್ಚಿಟ್ಟಿದ್ದೀರಿ ನನ್ನಿಂದ? ಬೊಗಳ್ರೀ!"

ಕೂಗಿಗೆ ಮಗಳು ಚಾರ್ವಿ ಕೋಣೆಯಿಂದ ಓಡಿಬಂದಳು. ಹದಿನಾರರ ಹುಡುಗಿ, ಕನ್ನಡ ಕೇಳಿದರೆ ಸ್ವೀಡಿಷಿನಲ್ಲಿ ಉತ್ತರಿಸುವವಳು. ಅಪ್ಪನ ಮುಖ ನೋಡಿ ಅವಳ ಮುಖ ಬಿಳಿಚಿತು. ಬಾಯಿಂದ ಕನ್ನಡವೇ ಬಂತು.

"ಅಮ್ಮ, ಕಿರುಚ್ಬೇಡಿ. ನಾನು ಹೇಳ್ತೀನಿ. ಪಪ್ಪಂದು ರೂಟ್ ಕೆನಾಲ್ ಫಿನಿಶ್ ಆಗೇ ಇಲ್ಲ. ಮೇಲೆ ಟೆಂಪೊರರಿ ಫಿಲ್ಲಿಂಗ್ ಹಾಕಿದ್ರು. ಅದು ಫೆಬ್ರವರಿಲಿ ಬಿದ್ಹೋಯ್ತು. ಕಾರಲ್ಲಿ ಡೈಲಿ ಪೇನ್ ಕಿಲ್ಲರ್ ತಗೋತಿದ್ರು."

"ನಿಂಗ್ ಗೊತ್ತಿತ್ತಾ? ಗೊತ್ತಿದ್ದೂ ಸುಮ್ನಿದ್ಯಾ?"

"ಹೇಳಿದ್ರೆ ನೀವು ಏನ್ ಮಾಡ್ತಿದ್ರಿ? ಲಾಸ್ಟ್ ಸಿಟ್ಟಿಂಗ್ ಇದ್ದಿದ್ದು ಚಿಕ್ಕಮ್ಮನ ಗೃಹಪ್ರವೇಶದ ದಿನ. ನೀವೇ ಕ್ಯಾನ್ಸಲ್ ಮಾಡಿದ್ದು! ಪಪ್ಪ ಅಂದ್ರು, ನಿಮ್ಮಮ್ಮಂಗೆ ಹೇಳಿದ್ರೆ ಅವಳ ತಂಗಿ ಮನೆ ಮೇಲೆ ತಪ್ಪು ಹೊರಿಸ್ತಿದ್ದೀನಿ ಅಂತ ಒಂದು ವಾರ ಜಗಳ, ನೆಕ್ಸ್ಟ್ ಟೈಮ್ ಹೋದಾಗ ಮಾಡಿಸ್ತೀನಿ, ಬಿಡು ಅಂತ."

ಆ ದಿನ ಮದ್ದೂರಿನ ಹಲ್ಲಿನ ಡಾಕ್ಟರು ಫೋನು ಮಾಡಿದ್ದು ಕಾಂಚನಾಗೆ ನೆನಪಿತ್ತು. ಗಂಡನ ಕೈಯಿಂದ ಫೋನು ಕಿತ್ತುಕೊಂಡು, "ಹಲ್ಲು ಎಲ್ಲಿಗೂ ಓಡೋಗಲ್ಲ ಸಾರ್, ಗೃಹಪ್ರವೇಶ ಒಂದೇ ಸಲ ಆಗೋದು" ಎಂದವಳು ಅವಳೇ. ಸುತ್ತ ಇದ್ದವರೆಲ್ಲ ನಕ್ಕಿದ್ದರು. ಹಲ್ಲು, ಕನ್ನಡಕ, ರಕ್ತ ಪರೀಕ್ಷೆ, ಎಲ್ಲ ಊರಿಗೆ ಹೋದಾಗಲೇ ಎಂಬ ಕಟ್ಟಳೆಯೂ ಅವಳದೇ. ಇಲ್ಲಿಯ ದುಬಾರಿ ಹಲ್ಲಿನ ಡಾಕ್ಟರ ಬಾಗಿಲನ್ನು ಅವಳು ಯಾರಿಗೂ ತುಳಿಯಲು ಬಿಟ್ಟಿರಲಿಲ್ಲ.

ರಮಾನಂದ ಕೈ ಎತ್ತಿ ಬೇಡ ಬೇಡ ಎಂದು ಆಡಿಸಿದ. "ನಾಳೆ... ಸೋಮವಾರ... ಫೋನ್ ಮಾಡಣ." ಒಂದೊಂದು ಮಾತಿಗೂ ಉಸಿರು ಎಳೆದುಕೊಂಡ.

"ಸೋಮವಾರ ಅಂತೆ ಸೋಮವಾರ! ಬಾಯ್ ಮುಚ್ಕೊಂಡ್ ಕೂತ್ಕೊಳ್ರಿ," ಎಂದವಳು, ಹಾಗೆಂದದ್ದಕ್ಕೆ ತನ್ನ ನಾಲಿಗೆಯನ್ನೇ ಕಚ್ಚಿಕೊಂಡಳು. "ಚಾರ್ವಿ, ಆ ಆರೋಗ್ಯದವರ ನಂಬರಿಗೆ ಮಾಡು. ಸ್ಪೀಕರಿಗೆ ಹಾಕು."

ನರ್ಸ್ ಒಬ್ಬಳು ಫೋನು ಎತ್ತಿದಳು. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡಿ ಕಲಿತ ಕಾಂಚನಾಳ ಸ್ವೀಡಿಷು ಆಲೂಗಡ್ಡೆ, ಪಾತ್ರೆ, ಬೇಗ ಬೇಗ ಎಂಬುದರಾಚೆಗೆ ಹೆಚ್ಚು ಹೋಗುತ್ತಿರಲಿಲ್ಲ. ಚಾರ್ವಿ ಕೇಳಿ ಕೇಳಿ ಹೇಳಿದಳು.

"ಬಾಯಲ್ಲಿ ಎರಡು ಬೆರಳು ಹೋಗುತ್ತಾ ಅಂತ ಕೇಳ್ತಿದ್ದಾರೆ."

"ಒಂದೂ ಹೋಗಲ್ಲ ಅನ್ನು."

"ಅವರ ಸಲೈವಾ... ಉಗುಳು ಅವರೇ ನುಂಗ್ತಿದ್ದಾರಾ?"

"ಇಲ್ಲ."

"ಮಲಗಿದ್ರೆ ಉಸಿರಾಡೋಕೆ ಆಗುತ್ತಾ?"

"ಬೆಳಿಗ್ಗೆಯಿಂದ ಕೂತೇ ಇದ್ದಾರೆ ಅನ್ನು."

"ವಾಯ್ಸ್ ಚೇಂಜ್ ಆಗಿದ್ಯಾ?"

"ಬಾಯಲ್ಲಿ ಬಿಸಿ ಮುದ್ದೆ ಇಟ್ಕೊಂಡ ಹಾಗಿದೆ ಅನ್ನು."

"ಅಮ್ಮ, ಮುದ್ದೆಗೆ ಏನನ್ಲಿ?"

"ಆಲೂಗಡ್ಡೆ ಅನ್ನು! ಬಿಸಿ ಆಲೂಗಡ್ಡೆ!"

ನರ್ಸ್ ನಗಲಿಲ್ಲ. ನಾಲಿಗೆಯ ಕೆಳಗೆ ನೋಡಿ ಎಂದಳು. ಕಾಂಚನಾ ಮೊಬೈಲಿನ ದೀಪ ಹಿಡಿದು ಆ ಸಣ್ಣ ಸಂದಿಯಲ್ಲಿ ಇಣುಕಿದಳು. ನಾಲಿಗೆ ಇರಬೇಕಾದ ಕಡೆ ಇರಲಿಲ್ಲ. ಕೆಳಗಿನಿಂದ ಯಾರೋ ಎತ್ತಿ ಹಿಡಿದ ಹಾಗೆ ಮೇಲೆದ್ದು ಅಂಗುಳಕ್ಕೆ ಒತ್ತಿಕೊಂಡಿತ್ತು. ಚಾರ್ವಿ ಅದನ್ನು ಹೇಳಿದ ಕೂಡಲೇ ಆ ಕಡೆಯ ದನಿ ಬದಲಾಯಿತು. ಮೆಲ್ಲಗೆ, ಒಂದೊಂದೇ ಮಾತು. ಮಲಗಿಸಬೇಡಿ. ತಿನ್ನಲು ಕುಡಿಯಲು ಏನೂ ಕೊಡಬೇಡಿ. ನೀವೇ ಕಾರಿನಲ್ಲಿ ಕರೆತರಬೇಡಿ. ಆಂಬುಲೆನ್ಸ್ ಹೊರಟಿದೆ. ಬಾಗಿಲು ತೆರೆದಿಡಿ.

ಬಾಗಿಲು ತೆರೆದಿಟ್ಟು ಅವನ ಪಕ್ಕ ಕೂತಳು. ಅವನ ಉಸಿರು ಒಳಗೆ ಹೋಗುವಾಗ ಸಣ್ಣಗೆ ಸಿಳ್ಳೆ ಹೊಡೆಯುತ್ತಿತ್ತು. ಅವನು ಅವಳ ಕೈ ಹಿಡಿದುಕೊಂಡ. ಮದುವೆಯಾದ ಮೇಲೆ ಮಗಳ ಎದುರು ಅವನು ಕೈ ಹಿಡಿದದ್ದು ಅದೇ ಮೊದಲು. ಅದು ಅವಳನ್ನು ಇನ್ನಷ್ಟು ಹೆದರಿಸಿತು. ಕೈ ಬಿಡಿಸಿಕೊಳ್ಳುವ ಮನಸ್ಸಾಗಲಿಲ್ಲ. ಪ್ರತಿ ಸಿಳ್ಳೆಗೂ, ಇನ್ನೊಂದು ಬರಲಿ, ಇನ್ನೊಂದು ಬರಲಿ ಎಂದು ಮನಸ್ಸಿನಲ್ಲೇ ಹೇಳಿಕೊಂಡಳು.

ಆಸ್ಪತ್ರೆಯಲ್ಲಿ ಮಾತು ಕಡಿಮೆ, ಓಟ ಹೆಚ್ಚು. ಡಾಕ್ಟರಮ್ಮ ರಮಾನಂದನ ಗಲ್ಲದ ಕೆಳಗೆ ಬೆರಳಿಟ್ಟು ಒತ್ತಿದಳು. ಅದು ಹಲಗೆಯಂತೆ ಗಟ್ಟಿಯಾಗಿತ್ತು. ಬೆರಳ ಗುರುತೂ ಬೀಳಲಿಲ್ಲ. ಅವಳು ಇನ್ನಿಬ್ಬರನ್ನು ಕರೆದಳು. ಆ ಇಬ್ಬರು ಬಂದು ನೋಡಿ ಮತ್ತೊಬ್ಬನನ್ನು ಕರೆದರು.

ಡಾಕ್ಟರಮ್ಮ ಅವಳನ್ನು ಪಕ್ಕಕ್ಕೆ ಕರೆದು, ಚಾರ್ವಿಯ ಮೂಲಕ ಬಿಡಿಸಿ ಹೇಳಿದಳು. ಮುಚ್ಚದೆ ಬಿಟ್ಟ ಹಲ್ಲಿನ ತೂತಿನಿಂದ ಸೋಂಕು ಬೇರಿನ ತುದಿಗೆ ಹೋಗಿದೆ. ಅಲ್ಲಿಂದ ದವಡೆಯ ಎಲುಬು ದಾಟಿ ನಾಲಿಗೆಯ ಕೆಳಗಿನ ಮಾಂಸಕ್ಕೆ, ಕತ್ತಿಗೆ ಇಳಿದಿದೆ. ಊತ ಉಸಿರಿನ ದಾರಿಯನ್ನು ಮುಚ್ಚುತ್ತಿದೆ. ಮೊದಲು ಅವನು ಎಚ್ಚರವಿರುವಾಗಲೇ ಮೂಗಿನಿಂದ ಗಂಟಲಿಗೆ ನಳಿಗೆ ಇಳಿಸಬೇಕು. ಆಮೇಲೆ ಕತ್ತು ಕೊಯ್ದು ಕೀವು ತೆಗೆಯಬೇಕು, ಹಲ್ಲು ಕೀಳಬೇಕು.

"ನಳಿಗೆ ಇಳೀದಿದ್ರೆ?" ಕಾಂಚನಾ ನೇರವಾಗಿ ಕೇಳಿದಳು.

ಚಾರ್ವಿ ಅದನ್ನು ಅನುವಾದ ಮಾಡಲು ತಡವರಿಸಿದಳು. ಡಾಕ್ಟರಮ್ಮ ಅರ್ಥಮಾಡಿಕೊಂಡು ತನ್ನ ಕತ್ತಿನ ಮುಂಭಾಗವನ್ನು ಬೆರಳಿನಿಂದ ತೋರಿಸಿದಳು. ಅಲ್ಲಿ ತೂತು ಮಾಡುತ್ತೇವೆ ಎಂದು.

ಮನೆಯಲ್ಲಿ ಏನೇನು ಕೊಟ್ಟಿರಿ ಎಂದು ಕೇಳಿದಾಗ ಕಾಂಚನಾ ಮಾತ್ರೆಯ ಹಾಳೆ ತೋರಿಸಿದಳು, ಉಪ್ಪಿನ ಶಾಖವನ್ನೂ ಬಚ್ಚಿಡದೆ ಹೇಳಿದಳು. ಡಾಕ್ಟರಮ್ಮ ಬೈಯಲಿಲ್ಲ. ಊದಿದ ಮುಖಕ್ಕೆ ಬಿಸಿ ಇಡಬೇಡಿ ಎಂದಳು. ಮಾತ್ರೆ ಹಲ್ಲಿನ ತೂತನ್ನು ಮುಚ್ಚುವುದಿಲ್ಲ, ಅಲ್ಲಿ ಕೂತ ಕೀವನ್ನು ಹೊರಗೆ ತರುವುದಿಲ್ಲ. ಉಳಿದ ಮಾತ್ರೆ ನಾಲ್ಕು ನುಂಗಿದರೆ ಜ್ವರ ಕೊಂಚ ತಗ್ಗಬಹುದು, ಮನೆಯವರು ಸಮಾಧಾನಪಟ್ಟುಕೊಂಡು ಸುಮ್ಮನಾಗುತ್ತಾರೆ. ಅದೇ ಅಪಾಯ. ಫಿಲ್ಲಿಂಗ್ ಬಿದ್ದ ವಾರವೇ ಯಾವುದೇ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರೆ ಕುರ್ಚಿಯಲ್ಲಿ ಕೂತು ಎದ್ದು ಬರುವಷ್ಟು ಸಣ್ಣ ಕೆಲಸವಾಗಿತ್ತು ಎಂದಳು. ಬೈದಿದ್ದರೇ ಚೆನ್ನಾಗಿತ್ತು ಎಂದು ಕಾಂಚನಾಗೆ ಅನ್ನಿಸಿತು. ತಿರುಗಿ ಬೈಯಲಾದರೂ ಆಗುತ್ತಿತ್ತು.

ಅವನನ್ನು ಒಳಗೆ ತಳ್ಳಿಕೊಂಡು ಹೋದರು. ಮಲಗಿಸಿರಲಿಲ್ಲ, ಕೂರಿಸಿಕೊಂಡೇ. ಬಾಗಿಲು ಮುಚ್ಚುವ ಮುಂಚೆ ಅವನು ತಿರುಗಿ ನೋಡಿದ. ಏನೋ ಹೇಳಲು ಬಾಯಿ ಆಡಿಸಿದ. ದನಿ ಬರಲಿಲ್ಲ.

ಹೊರಗಿನ ಬೆಂಚಿನಲ್ಲಿ ತಾಯಿ ಮಗಳು ಕೂತರು. ಕಾಫಿ ಯಂತ್ರವೊಂದು ಗುರ್ ಎನ್ನುತ್ತಿತ್ತು. ಬಾಗಿಲು ಅಲುಗಿದಾಗಲೆಲ್ಲ ಕಾಂಚನಾ ಎದ್ದು ನಿಲ್ಲುತ್ತಿದ್ದಳು. ಬರುತ್ತಿದ್ದವರು ಬೇರೆ ಯಾರಿಗೋ ಸಂಬಂಧಪಟ್ಟವರು. ಒಮ್ಮೆ ಒಬ್ಬ ನರ್ಸ್ ಓಡುತ್ತ ಒಳಗೆ ಹೋದಳು. ಯಾಕೆ ಓಡಿದಳು? ಅಲ್ಲಿಂದ ಯಾರೂ ಹೊರಗೆ ಬರಲಿಲ್ಲ. ಕಾಂಚನಾ ತನ್ನ ಕತ್ತಿನ ಮುಂಭಾಗವನ್ನು, ಡಾಕ್ಟರಮ್ಮ ತೋರಿಸಿದ ಜಾಗವನ್ನು, ತಾನೇ ಒತ್ತಿ ಒತ್ತಿ ನೋಡಿಕೊಂಡಳು.

"ಅಮ್ಮ, ಸಾರಿ. ನಾನು ಹೇಳ್ಬೇಕಿತ್ತು," ಎಂದಳು ಚಾರ್ವಿ.

"ನೀನು ಹೇಳಿದ್ರೂ ನಾನು ಮೊದ್ಲು ಜಗಳ ಆಡ್ತಿದ್ದೆ. ಆಮೇಲೆ ಹಲ್ಲು ನೋಡ್ತಿದ್ದೆ." ಕಾಂಚನಾ ಮಗಳ ಕೂದಲನ್ನು ಕಿವಿಯ ಹಿಂದೆ ಸರಿಸಿದಳು. "ನಾಳೆಯಿಂದ ಈ ಮನೇಲಿ ಯಾರಿಗಾದ್ರೂ ಎಲ್ಲಾದ್ರೂ ನೋವಾದ್ರೆ ಬಂದು ಹೇಳಿ. ನಾನು ಕಿರುಚಿದ್ರೆ ಕಿರುಚ್ಲಿ ಅಂತ ಬಿಡಿ. ಕಿರುಚೋಕೆ ಎದುರಿಗೆ ಒಬ್ರು ಇರ್ಬೇಕಲ್ಲ."

ಕೊನೆಗೂ ಡಾಕ್ಟರಮ್ಮ ಬಂದಳು. ಮುಖದ ಮಾಸ್ಕು ಇಳಿಸಿದ್ದಳು. ಕಾಂಚನಾ ಅವಳ ತುಟಿಯನ್ನೇ ನೋಡಿದಳು. ಸ್ವೀಡಿಷಿನ ಉದ್ದ ವಾಕ್ಯದಲ್ಲಿ ಅವಳಿಗೆ ತಿಳಿದದ್ದು 'ಉಸಿರು' ಮತ್ತು 'ಒಳ್ಳೆಯದು' ಎಂಬ ಎರಡೇ ಮಾತು. ಅಷ್ಟಕ್ಕೇ ಬೆಂಚಿನ ಮೇಲೆ ಕುಸಿದು ಕೂತು, ಸೆರಗಿಲ್ಲದ ಜಾಕೆಟ್ಟಿನ ತೋಳಿನಲ್ಲಿ ಮುಖ ಒರೆಸಿಕೊಂಡಳು. ನಳಿಗೆ ಇಳಿದಿತ್ತು, ಕೀವು ಬಂದಿತ್ತು, ಹಲ್ಲು ಹೋಗಿತ್ತು. ಊತ ಇಳಿಯುವವರೆಗೆ ನಳಿಗೆ ಇರುತ್ತದೆ, ನಿದ್ದೆಯಲ್ಲೇ ಇಟ್ಟಿರುತ್ತೇವೆ, ಇನ್ನೂ ಎಚ್ಚರಿಕೆಯಿಂದ ನೋಡಬೇಕು ಎಂದು ಚಾರ್ವಿ ಉಳಿದದ್ದನ್ನು ಹೇಳಿದಳು.

ನಳಿಗೆ ತೆಗೆದ ದಿನ ನರ್ಸ್ ಒಂದು ಚಮಚ ನೀರು ಕುಡಿಸಿದಳು. ರಮಾನಂದನ ಗಂಟಲ ಮಣಿ ಮೇಲೆ ಹೋಯಿತು. ಕಾಂಚನಾ ಮಂಚದ ಕಂಬಿ ಹಿಡಿದಳು. ಮಣಿ ಕೆಳಗಿಳಿಯಿತು.

"ಬೈಯಲ್ವಾ?" ಅವನು ಕೇಳಿದ. ದನಿ ಒಡೆದಿತ್ತು. ಆದರೆ ಅದರಲ್ಲಿ ಮುದ್ದೆ ಇರಲಿಲ್ಲ.

"ಮನೆಗೆ ಬನ್ನಿ, ಬೈತೀನಿ."

ಅಂದೇ ಸಂಜೆ ಹೊನ್ನಪ್ಪ ಕಿತ್ತಳೆ ಹಣ್ಣು ಹಿಡಿದು ಬಂದ. ಅಪರಾಧಿಯ ಹಾಗೆ ಬಾಗಿಲಲ್ಲೇ ನಿಂತ. "ಅತ್ತಿಗೆ, ನಾನು ಆ ಮಾತ್ರೆ ಕೊಡಬಾರ್ದಿತ್ತು."

"ಕೊಡಬಾರ್ದಿತ್ತು. ನಾನು ಉಪ್ಪು ಒತ್ತಬಾರ್ದಿತ್ತು. ಆಯ್ತಲ್ಲ? ಈಗ ನೀನು ಬಾಯಿ ತೆಗಿ."

"ಆಂ?"

"ಬಾಯಿ ತೆಗಿಯಪ್ಪ. ಶನಿವಾರ ನೀನೂ ಬಲಗಡೇಲಿ ಮಾತ್ರ ಅಗೀತಿದ್ದೆ. ನಂಗೇನು ಕಣ್ಣಿಲ್ವಾ?"

ಹೊನ್ನಪ್ಪ ರಮಾನಂದನತ್ತ ನೋಡಿದ. ರಮಾನಂದ ಗೋಡೆಯತ್ತ ನೋಡಿದ. ಬೇರೆ ದಾರಿಯಿಲ್ಲದೆ ಹೊನ್ನಪ್ಪ ಬಾಯಿ ತೆರೆದ. ಎಡಗಡೆಯ ಕೊನೆಯಲ್ಲಿ ಒಂದು ಹಲ್ಲಿನ ತಲೆ ಕಪ್ಪಗೆ ಕುಳಿಬಿದ್ದಿತ್ತು.

"ಅದು... ರಜನಿ ಬಂದ್ಮೇಲೆ... ಜುಲೈಲಿ ಊರಿಗೆ ಹೋಗ್ತೀವಲ್ಲ ಅತ್ತಿಗೆ, ಅಲ್ಲೇ ನಮ್ಮ ಡಾಕ್ಟ್ರು..."

"ಜುಲೈ!" ಕಾಂಚನಾಳ ಕೂಗಿಗೆ ನರ್ಸ್ ಬಾಗಿಲಿನಿಂದ ಇಣುಕಿದಳು. "ಚಾರ್ವಿ, ಮೊನ್ನೆ ನನ್ನ ಹಲ್ಲು ತೋರಿಸೋಕೆ ಇಲ್ಲೇ ಹೆಸರು ಬರೆಸಿದ್ಯಲ್ಲ, ಅದೇ ಹಲ್ಲಿನ ಡಾಕ್ಟರಿಗೆ ಫೋನ್ ಹಾಕು. ಇವನ ಹೆಸರೂ ಬರೆಸು. ಈ ವಾರವೇ. ಇವನು ಬರಲ್ಲ ಅಂದ್ರೆ ನಾನೇ ಕಿವಿ ಹಿಡಿದು ಕರ್ಕೊಂಡು ಹೋಗ್ತೀನಿ."

ರಮಾನಂದ ಮನೆಗೆ ಬಂದ. ಕತ್ತಿನ ಪಟ್ಟಿ ಬಿಚ್ಚಿದ ಮೇಲೂ ವಾರಗಟ್ಟಲೆ ಗಂಜಿ, ಮೊಸರನ್ನ. ಒಂದು ದಿನ ಮೆಲ್ಲಗೆ ಕೇಳಿದ.

"ಮುದ್ದೆ ಯಾವಾಗ?"

"ನನ್ನ ಎದುರು ಕೂತು ಮೂಳೆ ಕಡಿದ ದಿನ."

ಕಡಿದ. ಬಲಗಡೆಯ ಹಲ್ಲಿನಲ್ಲಿ, ಟಕ್ಕೆಂದು ಸದ್ದು ಬರುವ ಹಾಗೆ. ಚಾರ್ವಿ ಚಪ್ಪಾಳೆ ತಟ್ಟಿದಳು. ಕಾಂಚನಾ ಮುದ್ದೆ ಇಕ್ಕಿದಳು. ಅವನು ಮುರಿದು, ಅದ್ದಿ, ಬಾಯಿಗಿಟ್ಟ. ಅವಳು ಸೌಟು ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ಅವನ ಗಂಟಲು ನೋಡಿದಳು. ಮೇಲೆ ಹೋಯಿತು, ಕೆಳಗೆ ಬಂತು. ಆಮೇಲೆ ಸಾರು ಬಡಿಸಿದಳು. ಇನ್ನೊಂದು ತುತ್ತು ಮುರಿದ. ಅವಳ ಕೈ ಮತ್ತೆ ನಿಂತಿತು.